ಮತ್ತೆ ಶುರು

ಪರದೆಯೊಳಗಿನ ಮನುಷ್ಯನಿಗೆ ಹೆಸರಿಲ್ಲ.
ಹದಿನೇಳನೆಯ ಕೇಸು. ಗಂಡು, ನಲವತ್ತು, ಎಪ್ಪತ್ತೆಂಟು ಕಿಲೋ.
ನವೆಂಬರಿನಿಂದ ಅವನನ್ನು ಮೂವತ್ತು ಸಲ ಕೊಂದಿದ್ದೇನೆ,
ಹ್ಯಾಮರ್‌ಫೆಸ್ಟಿನ ಸೂರ್ಯನಿಲ್ಲದ ಮಧ್ಯಾಹ್ನಗಳಲ್ಲಿ,
ಕಾಫಿ ಆರುವಷ್ಟರೊಳಗೆ.

ಒಮ್ಮೆ ರಕ್ತ ಕೊಡಲು ತಡಮಾಡಿ,
ಒಮ್ಮೆ ಸಲೈನು ಸುರಿಸುರಿದು, ಇದ್ದ ರಕ್ತವನ್ನೂ ನೀರು ಮಾಡಿ,
ಒಮ್ಮೆ ಸ್ಕ್ಯಾನಿಗೆ ಕಳಿಸಿ, ಆ ಕೊಳವೆಯೊಳಗೇ.
ಸತ್ತಾಗ ಅವನು ಬೂದುಬಣ್ಣಕ್ಕೆ ತಿರುಗುತ್ತಾನೆ, ಅಷ್ಟೆ.
ಮೂಲೆಯಲ್ಲಿ ಗುಂಡಿ ಮಿನುಗುತ್ತದೆ: ಮತ್ತೆ ಶುರು.
ಒತ್ತಿದರೆ, ಏನೂ ಆಗದವನಂತೆ, ನಾಡಿ ನೂರಹತ್ತು.

ಗುನ್‌ವೋರ್ ನಗುತ್ತಾಳೆ, ನನ್ನ ವಯಸ್ಸಿನಷ್ಟು ಸರ್ವೀಸಾದ ನರ್ಸು:
"ನಿನ್ನವನಿಗೆ ಚಳಿಯೇ ಆಗೋದಿಲ್ಲವಲ್ಲ ಮಾರಾಯಾ.
ವಾಂತಿಯಿಲ್ಲ. ಅಮ್ಮಾ ಅನ್ನೋದಿಲ್ಲ.
ಯಾವುದಕ್ಕೂ ಹಟ ಹಿಡಿಯೋದಿಲ್ಲ."

ಜನವರಿ. ಗಾಳಿಗೆ ಹೆಲಿಕಾಪ್ಟರು ಮೇಲೇಳದ ರಾತ್ರಿ
ರಿಸ್ಟೆನ್ ಬಂದಳು. ಹತ್ತೊಂಬತ್ತು.
ಹಿಮಸಾರಂಗಗಳ ಹಿಂದೆ ಹೋದ ಸ್ಕೂಟರು
ಬೇಲಿಗಂಬಕ್ಕೆ ಬಡಿದು, ಹ್ಯಾಂಡಲು ಹೊಟ್ಟೆಗೆ.
ಕತ್ತರಿ ಕಂಡದ್ದೇ ತಡ, ತುಪ್ಪಳದ ಬೂಟು ತೋರಿಸಿ
"ಅಜ್ಜಿ ಹೊಲಿದದ್ದು, ಕತ್ತರಿಸಬೇಡಿ" ಎಂದಳು.
ಮತ್ತೆ ಮತ್ತೆ ಅದನ್ನೇ ಎಂದಳು.

ಗೋಡೆಯ ಪರದೆ ಎಣಿಸುತ್ತಿತ್ತು.
ಒತ್ತಡ ತೊಂಬತ್ತೆಂಟು.
ಒಳಗೆ ರಕ್ತಸ್ರಾವದ ಸಂಭವ, ನೂರಕ್ಕೆ ಅರವತ್ತೆರಡು.
ಸಲಹೆ: ಮೊದಲು ಸ್ಕ್ಯಾನ್.

ಅರವತ್ತೆರಡು.
ಉಳಿದ ಮೂವತ್ತೆಂಟರಲ್ಲಿ ನಾನು ಬಚ್ಚಿಟ್ಟುಕೊಳ್ಳಬಹುದಿತ್ತು.

ಗುನ್‌ವೋರ್ ಮೊಣಕಾಲೂರಿ
ಬೂಟಿಗೆ ಸುತ್ತಿದ ಕೆಂಪು ಪಟ್ಟಿ ಬಿಚ್ಚುತ್ತಿದ್ದಳು, ಸುತ್ತು ಸುತ್ತಾಗಿ,
ಮದುವೆಮನೆಯಲ್ಲಿ ಕೂತವಳಂತೆ. ಬೈಯೋಣವೆಂದುಕೊಂಡೆ.
ಅಷ್ಟರಲ್ಲಿ ಬರಿಪಾದ ಅವಳ ಅಂಗೈಯಲ್ಲಿತ್ತು.
"ತಣ್ಣಗಿದೆ," ಎಂದಳು. "ಇದು ಹೊರಗಿನ ತಣ್ಣಗಲ್ಲ."

ಕೊಳವೆಯೊಳಗೆ ಬೂದಾದವನು ನೆನಪಾದ. ಒಂಬತ್ತನೆಯ ಸಾವು.
"ಥಿಯೇಟರಿಗೆ," ಎಂದಿತು ಯಾರದೋ ದನಿ. ನನ್ನದೇ.
ಲಿಫ್ಟಿನ ಬಾಗಿಲು ಮುಚ್ಚುವಾಗ
ಯಾರೋ ಹೊಸ ಅಂಕಿ ತುಂಬಿರಬೇಕು,
ಪರದೆ ಎಂಬತ್ತೊಂಬತ್ತಕ್ಕೆ ಜಿಗಿಯಿತು.
ಅದರ ತಪ್ಪೇನಿಲ್ಲ. ಪಾದದ ವಿಷಯ ಅದಕ್ಕೆ ಯಾರೂ ಹೇಳಿರಲಿಲ್ಲ.

ಗುಲ್ಮ ಎರಡು ಹೋಳಾಗಿತ್ತು.
ಬದುಕಿದಳು.
ಕೈಗುಣ ಎಂದರು ಮನೆಯವರು, ನನ್ನ ಕೈ ಹಿಡಿದು.
ಯಾರ ಕೈಯೆಂದು ನಾನು ಬಾಯಿಬಿಡಲಿಲ್ಲ.

ಬೆಳಿಗ್ಗೆ, ಬೆಳಿಗ್ಗೆಯೆಂದು ಗಡಿಯಾರವಷ್ಟೇ ಹೇಳಿದಾಗ,
ಹದಿನೇಳನೆಯವನನ್ನು ತೆರೆದೆ.
ಗುಂಡಿ ಒತ್ತಲಿಲ್ಲ. ಅವನ ಚಿತ್ರವನ್ನು
ಕೆಳಕ್ಕೆ ಸರಿಸಿದೆ, ಇನ್ನೂ ಕೆಳಕ್ಕೆ.
ಮೊಣಕಾಲಿನಿಂದಾಚೆ
ಏನನ್ನೂ ಬಿಡಿಸಿರಲಿಲ್ಲ.