ಬನಿ

ತ್ಸಿಯಾಲಳ ಮಾಳಿಗೆಯನ್ನು ಹದಿನಾಲ್ಕು ದಿನದಲ್ಲಿ
ಸರಿಮಾಡಿಕೊಡುವುದೆಂದು ಒಪ್ಪಂದ.
ಒಂಬತ್ತು ವಿದ್ಯಾರ್ಥಿಗಳು, ಒಂಬತ್ತು ಜೊತೆ ಹೊಸ ಕೈಗವಸು,
ಬೆನ್ನ ಮೇಲೆ ಸಂಸ್ಥೆಯ ಹೆಸರಿದ್ದ ಹಳದಿ ಅಂಗಿ.

ಜಾರ್ಜಿಯಾದ ಆ ಊರಲ್ಲಿ ಮನೆಗಳು
ಬೆಟ್ಟಕ್ಕೆ ಮೆಟ್ಟಿಲು ಕಡಿದ ಹಾಗೆ:
ಕೆಳಗಿನವರ ಮಾಳಿಗೆಯೇ ಮೇಲಿನವರ ಅಂಗಳ.
ಮಣ್ಣು ಹೊತ್ತೆವು, ಹುಲ್ಲು ಕಲಸಿದೆವು,
ಹಲಗೆಯಿಂದ ಬಡಿದೆವು, ಫೋಟೋ ತೆಗೆದೆವು.
ಮೇಲಿನ ಮನೆಯ ಕೋಳಿಗಳು ಬಂದು
ಹಸಿ ಮಣ್ಣಿನ ಮೇಲೆಲ್ಲ ಓಡಾಡಿ
ಅಭಿಪ್ರಾಯ ಬರೆದು ಹೋದವು.

ಐದನೆಯ ರಾತ್ರಿ ಮಳೆ.
ಸರಿಯಾಗಿ ನಾವು ಬಡಿದ ಕಡೆಯೇ ಸೋರಿತು.
ತ್ಸಿಯಾಲ ಎದ್ದಳು, ಬೈಯಲಿಲ್ಲ,
ನನ್ನ ಹಾಸಿಗೆಯನ್ನು ಕಾಲಲ್ಲೇ ಪಕ್ಕಕ್ಕೆ ತಳ್ಳಿ
ಆ ಜಾಗದಲ್ಲೊಂದು ತಾಮ್ರದ ಪಾತ್ರೆ ಇಟ್ಟಳು.
ಟಣ್.
ಬೆಳಗಾಗುವವರೆಗೂ, ಟಣ್.

ಮರುದಿನ ಅವಳಣ್ಣ ಎಲ್ಗುಜ ಬಂದ,
ಎಪ್ಪತ್ತು ದಾಟಿದವನು. ಬೂಟು ಕಳಚಿ
ಬರಿಗಾಲಲ್ಲಿ ತುಳಿಯತೊಡಗಿದ, ಮೂಲೆಯಿಂದ ಮೂಲೆಗೆ.
ಹಸಿ ಉಳಿದಲ್ಲಿ ನಿಂತ. ನಮ್ಮ ಕಡೆ ನೋಡಿದ.
ನಾವೂ ಬೂಟು ಕಳಚಿದೆವು.

‘ಸಾಂಸ್ಕೃತಿಕ ವಿನಿಮಯ: ಶನಿವಾರ, ಸಂಜೆ ಏಳಕ್ಕೆ’
ಎಂದು ಪಟ್ಟಿಯಲ್ಲಿತ್ತು.
ಅವರು ಹಾಡಿದರು. ಮೂರು ದನಿ, ಮೂರು ದಾರಿ,
ಒಂದೇ ಕಣಿವೆ.
ಇನ್ನು ನಿಮ್ಮದು, ಅಂದರು.
ನಮ್ಮ ಹಾಡೆಲ್ಲ ಫೋನಿನಲ್ಲಿ; ಫೋನಿಗೆ ಸಿಗ್ನಲ್ಲಿಲ್ಲ.
ಲೀಮಾದ ಯೆಸೇನಿಯ ಎರಡು ಸಾಲು ಹಾಡಿ ನಕ್ಕಳು.
ನಾನು ಪಲ್ಲವಿ ಮುಗಿಸಿ ಚರಣ ಮರೆತೆ.
ತ್ಸಿಯಾಲ ಏನೋ ಕೇಳಿದಳು. ದುಭಾಷಿ ಹುಡುಗ ಬೆಕಾ
ತುಸು ತಡೆದು ಹೇಳಿದ:
“ಯಾರಾದರೂ ಸತ್ತರೆ ನೀವೇನು ಹಾಡುತ್ತೀರಿ?”

ನಮ್ಮಜ್ಜಿ ಹೋದ ದಿನ ಮನೆಯಲ್ಲಿ ಕ್ಯಾಸೆಟ್ ಹಾಕಿದ್ದರು.
ನಡುವೆ ಸಿಕ್ಕಿಕೊಂಡಿತು. ಪೆನ್ಸಿಲಿಂದ ಸುತ್ತಿದವನು ನಾನೇ.
ಇದನ್ನು ಬೆಕಾನಿಗೆ ಹೇಗೆ ಹೇಳುವುದು?

ಎಲ್ಗುಜ ನನ್ನ ರಟ್ಟೆ ಹಿಡಿದೆಳೆದು
ಪಕ್ಕದಲ್ಲಿ ಕೂರಿಸಿಕೊಂಡು ಒಂದು ಸ್ವರ ಕೊಟ್ಟ.
ಇಷ್ಟೇ. ಇಲ್ಲೇ ಇರು. ನಾವು ಸುತ್ತಾಡಿ ಬರುತ್ತೇವೆ.
ಆ ಕೆಳದನಿಗೆ ಅವರು ಬನಿ ಅನ್ನುತ್ತಾರೆ.
ಮಾಳಿಗೆಗೂ ಅದೇ ಮಾತು.
ನನ್ನ ನುಡಿಯಲ್ಲಿ ಬನಿಯೆಂದರೆ
ಸಾರ, ತೇವ, ಹಣ್ಣು ಹಿಂಡಿದರೆ ಬರುವುದು
ಎಂದು ಹೇಳಬೇಕೆನಿಸಿತು.
ಬಾಯಿ ಬಿಟ್ಟರೆ ಸ್ವರ ಹೋಗುತ್ತಿತ್ತು.

ಹೊರಡುವ ಬೆಳಿಗ್ಗೆ ನಮೂನೆ ತುಂಬಿದೆವು.
ಸೇವೆಯ ಗಂಟೆಗಳು: ಎಂಬತ್ತನಾಲ್ಕು.
ಫಲಾನುಭವಿಗಳು: ಒಂದು ಮನೆ.
ಕೋಳಿಗಳನ್ನೂ ಸೇರಿಸೋಣವೇ, ಯೆಸೇನಿಯ ಕೇಳಿದಳು.
ವ್ಯಾನು ಹಾರ್ನ್ ಹಾಕಿತು.
ಕೈಚೀಲಕ್ಕೆಂದು ಒಳಗೆ ಹೋದೆ:
ತಾಮ್ರದ ಪಾತ್ರೆ ಇನ್ನೂ ಅಲ್ಲೇ ಇತ್ತು,
ಒರೆಸಿ, ಒಣಗಿಸಿ,
ಯಾವುದಕ್ಕೂ ಇರಲಿ ಎಂದು.