ಪೀಣ್ಯಕ್ಕೆ ಬಂದ ಪತ್ರ

ಪೀಣ್ಯ ಎರಡನೇ ಹಂತ, ಹನ್ನೊಂದನೇ ಕ್ರಾಸು.
ಲೇತು ನಿಂತು ವಾರವಾಯಿತು. ಹಿತ್ತಾಳೆ ಚೂರು ಮಾತ್ರ
ಚಪ್ಪಲಿಗಂಟಿ ಟೀ ಅಂಗಡಿಯವರೆಗೂ ಬರುತ್ತದೆ.

ಒಹಾಯೋದ ಗಿರಾಕಿ ಹಾರ್ಲನ್
ಹತ್ತು ವರ್ಷ ಆರ್ಡರಿನ ಜೊತೆಗೊಂದು ಉಪದೇಶ ಕಳಿಸಿದ:
ಸರ್ಕಾರ ಸಣ್ಣದಿರಬೇಕು, ಮುಷ್ಟಿಯಲ್ಲಿ ಹಿಡಿಯುವಷ್ಟು;
ಕೊಳ್ಳುವವನು ನಾನು, ಮಾರುವವನು ನೀನು,
ನಡುವೆ ಇನ್ನೊಬ್ಬನಿಗೇನು ಕೆಲಸ?

ಕನ್ನಡ ಮಾಡಿ ಓದಿ ಹೇಳುತ್ತಿದ್ದೆ, ಪಾಲುದಾರ ಚಿಕ್ಕೀರಯ್ಯನಿಗೆ.
ಅವನು ಕೂಡುತ್ತಿದ್ದ ಲೆಕ್ಕ ಬೇರೆ:
ಇನ್‌ಸ್ಪೆಕ್ಟರಿಗೆ ಹಬ್ಬದ ಲಕೋಟೆ,
ಕರೆಂಟಿನವರಿಗೊಂದು, ಮಾಲಿನ್ಯದವರಿಗೊಂದು.
‘ನಿನ್ನ ಹಾರ್ಲನ್ನು ಇಲ್ಲೇ ನಿಲ್ಲಲಿ ಕಣಯ್ಯ,
ದಾಸರಹಳ್ಳಿಯಿಂದ. ನನ್ನ ಓಟು ಅವನಿಗೇ.’

ಈ ಸಲದ ಪತ್ರಕ್ಕೆ ಬೇರೆ ದನಿ.
ಊರ ಎರಕದ ಮನೆ ಮುಚ್ಚಿ ಮೂವತ್ತು ವರ್ಷವಂತೆ,
ಅಪ್ಪ ದುಡಿದ ಕುಲುಮೆಯಲ್ಲಿ ಪಾರಿವಾಳವಂತೆ,
ಚರ್ಚಿನ ಬಾಗಿಲಿಗೆ ಬಣ್ಣ ಬಳಿಯಲೂ ಹುಡುಗರಿಲ್ಲವಂತೆ.
ಬೇಲಿ ಬೇಕಿತ್ತು, ಕೊನೆಗೂ ಹಾಕಿದರು.
ಸುಂಕ ನೀವೇ ಭರಿಸಿಕೊಳ್ಳಿ.
ಕೆಳಗೆ, ಎಂದಿನಂತೆ, ದೇವರು ಒಳ್ಳೆಯದು ಮಾಡಲಿ.

‘ಅದೇ ಮನುಷ್ಯನಾ?’
ಅದೇ. ಸಹಿ ತಾಳೆಯಾಗುತ್ತದೆ.

ಬಯ್ಯಲು ಬಾಯಿ ತೆರೆದೆ.
ಚೀನಾದ ವಾಲ್ವು ಎಸ್.ಪಿ. ರಸ್ತೆಗೆ
ಬುಟ್ಟಿ ಬುಟ್ಟಿ ಬಂದಿಳಿದ ವರ್ಷ
ದಿಲ್ಲಿಗೆ ಅರ್ಜಿ ಬರೆದದ್ದು ನಾನೇ.
ಬೇಲಿ ಎಂಬ ಮಾತು ಅದರಲ್ಲಿ ನಾಲ್ಕು ಸಲ.
ಮೊದಲ ಸಹಿ ಚಿಕ್ಕೀರಯ್ಯನದು.

ಮೈಕ್ರೋಮೀಟರು ಒರೆಸಿ ಪೆಟ್ಟಿಗೆಗಿಟ್ಟೆ.
ಕೂದಲೆಳೆಯನ್ನೂ ಅಳೆಯುತ್ತದೆ ಅದು.
ಗೇಟಿನಾಚೆ ಜೀಪು ನಿಂತ ಸದ್ದು;
ಚಿಕ್ಕೀರಯ್ಯ ಡ್ರಾಯರಿನಲ್ಲಿ
ಖಾಲಿ ಲಕೋಟೆ ಹುಡುಕುತ್ತಿದ್ದಾನೆ.