ಅಡ್ಮಿಷನ್ ಓಪನ್

ಫ್ಲೆಕ್ಸಿನಲ್ಲಿ ನಗುವ ರುಖ್ಸಾರ್
ಈಗ ನಮ್ಮ ಶಾಲೆಯಲ್ಲಿಲ್ಲ.
ಟೀಸಿಗೆ ಸಹಿ ಹಾಕಿದವಳು ನಾನೇ.
ಬಾಕಿ ನಾಲ್ಕು ಸಾವಿರ ಬಿಟ್ಟುಕೊಟ್ಟೆ,
ಫೋಟೊ ಉಳಿಸಿಕೊಂಡೆ.

ಶಿಡ್ಲಘಟ್ಟದಲ್ಲಿ ಗೂಡಿನ ರೇಟು ಏರಿದರೆ
ಹುಳ ಸಾಕಿದವರ ಮಕ್ಕಳ ಫೀಸು ಬರುತ್ತೆ,
ಇಳಿದರೆ, ನೂಲು ಬಿಚ್ಚುವವರದು.
ಎರಡೂ ಒಟ್ಟಿಗೆ ಬಂದ ತಿಂಗಳನ್ನು
ಲೆಡ್ಜರಿನಲ್ಲಿ ಹುಡುಕುತ್ತಲೇ ಇದ್ದೇನೆ.

ಪಾಂಪ್ಲೆಟ್ಟಿಗೆ ಬರೆದೆ: ನುರಿತ ಸಿಬ್ಬಂದಿ.
ಸುಳ್ಳಲ್ಲ, ಗಣಿತದ ವೆಂಕಟಾಚಲ ಮೇಷ್ಟ್ರು
ವ್ಯಾನು ಓಡಿಸುವುದರಲ್ಲೂ ಪಳಗಿದ ಕೈ.
ಬರೆದೆ: ಶುದ್ಧ ಗಾಳಿ, ಪ್ರಶಾಂತ ಪರಿಸರ.
ಪಕ್ಕದ ಬಟ್ಟಿಯಲ್ಲಿ ಗೂಡು ಬೇಯುವ ನಾತ
ಅಚ್ಚಿಗೆ ಹತ್ತುವುದಿಲ್ಲ, ಸದ್ಯ.

ನಿನ್ನೆ ಚಾಂದ್ ಪಾಷ ಸೈಕಲ್ ನಿಲ್ಲಿಸಿ
ಮಗಳ ಮುಖದ ಕೆಳಗೆ ಬಹಳ ಹೊತ್ತು ನಿಂತಿದ್ದ.
ಜಗಳಕ್ಕೆ ಮಾತು ಜೋಡಿಸಿಕೊಂಡೇ ಹೋದೆ.
"ಇದು ಇಳಿಸಿದ್ಮೇಲೆ ನಂಗೆ ಕೊಡಿ ಮೇಡಂ,
ಬಟ್ಟಿ ಮೇಲಿನ ಶೀಟು ಸೋರ್ತದೆ.
ಅವಳ ಮುಖ ಒಳಗಡೆ ಬರೋ ಹಂಗೆ ಹೊದಿಸ್ತೀನಿ."

ಕತ್ತೆತ್ತಿ ನೋಡಿದೆ.
ಅವಳ ಹಲ್ಲಿನ ಸಂದಿಯನ್ನು
ಸ್ಟುಡಿಯೋದವನು ಮುಚ್ಚಿಬಿಟ್ಟಿದ್ದ,
ನಾನೇ ಹೇಳಿದ್ದೆ.

"ಜೂನ್ ಹತ್ತರ ಮೇಲೆ ಬನ್ನಿ" ಅಂದೆ.
ಇನ್ನೂ ಹನ್ನೊಂದು ಸೀಟು ತುಂಬಿಲ್ಲ.